ಮರೆವಿನ ಜಾಡು ಹಿಡಿಯುವ ನ್ಯಾನೊ ಕಣಗಳು

ಕೇಳುಗರೇ, ನಮಸ್ಕಾರ.

ನೆನಪು, ಯೋಚನಾಶಕ್ತಿಗಳನ್ನು ಕುಂದಿಸುವ ಡಿಮೆನ್ಷಿಯಾದ ದೊಡ್ಡ ಕಷ್ಟವೆಂದರೆ ಅದು ತಡವಾಗಿ ಗೊತ್ತಾಗುವುದು. ಅದರ ಅತಿ ಸಾಮಾನ್ಯ ಕಾರಣ ಆಲ್ಝೈಮರ್ ಕಾಯಿಲೆ. ಇದರಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು ನರಕೋಶಗಳ ನಡುವೆ ಗಡ್ಡೆಕಟ್ಟುತ್ತದೆ, ಟೌ ಎಂಬ ಇನ್ನೊಂದು ಕೋಶದೊಳಗೇ ಸಿಕ್ಕುಗಟ್ಟುತ್ತದೆ. ಹೊರಗೆ ಮರೆವು ಕಾಣಿಸುವುದಕ್ಕೆ 15-20 ವರ್ಷ ಮೊದಲೇ ಇದೆಲ್ಲ ಶುರುವಾಗಿರಬಹುದು. ಅಷ್ಟು ವರ್ಷ ನಮಗೆ ಸುಳಿವೇ ಸಿಗುವುದಿಲ್ಲವಲ್ಲ, ನನ್ನನ್ನು ಕಾಡುವುದು ಅದೇ.

ಈ ಪ್ರೋಟೀನುಗಳ ಲವಲೇಶ ರಕ್ತಕ್ಕೂ ಸೇರುತ್ತದೆ. ಅದನ್ನು ಹಿಡಿಯಲು ಬಂದಿರುವುದೇ ನ್ಯಾನೊ ಕಣ. ಒಂದು ಮೀಟರಿನ ನೂರು ಕೋಟಿ ಪಾಲಿನಲ್ಲಿ ಒಂದು ಪಾಲು, ಒಂದು ನ್ಯಾನೊಮೀಟರ್. ಚಿನ್ನವನ್ನು ಹತ್ತಿಪ್ಪತ್ತು ನ್ಯಾನೊಮೀಟರಿನ ಕಣಗಳಾಗಿಸಿ ನೀರಿನಲ್ಲಿ ತೇಲಿಬಿಟ್ಟರೆ ಆ ನೀರು ಹಳದಿಯಲ್ಲ, ಮಾಣಿಕ್ಯದ ಕೆಂಪು! ಕಣಗಳ ಮೈಗೆ ಅಮೈಲಾಯ್ಡನ್ನು ಗುರುತಿಸುವ ಪ್ರತಿಕಾಯ ಅಂಟಿಸಿರುತ್ತಾರೆ. ಆ ಪ್ರೋಟೀನು ಎದುರಾದರೆ ಕಣಗಳು ಗುಂಪುಗೂಡಿ, ಕೆಂಪು ನೀರು ನೀಲಿ-ನೇರಳೆಗೆ ತಿರುಗುತ್ತದೆ. ಬೆನ್ನುಹುರಿಯ ದ್ರವ ತೆಗೆಯುವ ನೋವಿಲ್ಲದೆ, ಮಿದುಳಿನ ಚಿತ್ರ ತೆಗೆಯುವ ದುಬಾರಿ ಪೆಟ್ ಸ್ಕ್ಯಾನ್ ಇಲ್ಲದೆ ಕಾಯಿಲೆಯ ಗುರುತು ಸಿಗಬೇಕೆಂಬುದು ಇಂಥ ಸಂಶೋಧನೆಯ ಗುರಿ.

ರಕ್ತದಲ್ಲಿ ಹುಡುಕುವ ದಾರಿ ಬರೀ ಕನಸೇನಲ್ಲ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆಲ್ಝೈಮರ್ ಪತ್ತೆಗೆ ನೆರವಾಗುವ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದು ಲಕ್ಷಣಗಳು ಕಾಣಿಸಿಕೊಂಡವರಿಗೆ ಮಾತ್ರ. ಈ ಚಿನ್ನದ ಕಣಗಳಂಥ ನ್ಯಾನೊ ಸಂವೇದಕಗಳು ಲಕ್ಷಣಕ್ಕೂ ಮುಂಚಿನ ಕಾಲವನ್ನು ಮುಟ್ಟಬೇಕಿದೆ.

ಚಿಕಿತ್ಸೆಯ ದಾರಿ ಇನ್ನೂ ಕಡಿದು. ಮಿದುಳಿನ ರಕ್ತನಾಳಗಳ ಒಳಗೋಡೆಯ ಕೋಶಗಳು ಎಷ್ಟು ಬಿಗಿಯಾಗಿ ಹೊಂದಿಕೊಂಡಿವೆಯೆಂದರೆ, ಹೆಚ್ಚಿನ ಔಷಧಗಳಿಗೆ ಒಳಗೆ ಪ್ರವೇಶವೇ ಇಲ್ಲ. ಕಬ್ಬಿಣದ ಅಂಶವನ್ನು ಹೊತ್ತು ತರುವ ಟ್ರಾನ್ಸ್‌ಫೆರಿನ್ ಪ್ರೋಟೀನನ್ನಾದರೆ ಆ ಕೋಶಗಳು ಗುರುತು ಹಿಡಿದು ಬರಮಾಡಿಕೊಳ್ಳುತ್ತವೆ. ಔಷಧ ತುಂಬಿದ ಕೊಬ್ಬಿನ ನ್ಯಾನೊ ಕಣಕ್ಕೆ ಅದೇ ಪ್ರೋಟೀನನ್ನು ತೊಡಿಸಿದರೆ, ರಹದಾರಿ ಪತ್ರ ಸಿಕ್ಕಂತೆ. ಆದರೂ ರಕ್ತಕ್ಕೆ ಬಿಟ್ಟ ಕಣಗಳಲ್ಲಿ ಬಹುಪಾಲು ಯಕೃತ್ತು, ಗುಲ್ಮಗಳಲ್ಲೇ ಸಿಕ್ಕಿಬೀಳುತ್ತವೆ. ಅಲ್ಲೇ ಉಳಿದರೆ ಏನು ತೊಂದರೆ ಕೊಟ್ಟಾವು ಎಂಬುದನ್ನು ವರ್ಷಗಟ್ಟಲೆ ನೋಡಬೇಕು. ಈ ಕೆಲಸ ಹೆಚ್ಚಾಗಿ ಇಲಿಗಳ ಮೇಲೆಯೇ ನಡೆದಿದೆ. ನ್ಯಾನೊ ಔಷಧದಿಂದ ಮರೆವು ಗುಣವಾಗುತ್ತದೆಂದು ಯಾರಾದರೂ ಇವತ್ತು ಮಾರಲು ಬಂದರೆ, ದಯವಿಟ್ಟು ನಂಬಬೇಡಿ.

ಮನೆಯ ಹಿರಿಯರಲ್ಲಿ ಮರೆವು ಹೆಚ್ಚುತ್ತಿದ್ದರೆ ವೈದ್ಯರ ಬಳಿ ಕರೆದೊಯ್ಯಲು ತಡಮಾಡಬೇಡಿ. ಬಿ12 ವಿಟಮಿನ್ ಕೊರತೆಯಿಂದಲೂ ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುವುದುಂಟು. ಅವಕ್ಕೆ ರಕ್ತಪರೀಕ್ಷೆಯೂ ಇದೆ, ಔಷಧವೂ ಇದೆ.

ನಮಸ್ಕಾರ.