ಗುಡ್ಡದ ಮೇಲಿನ ಓಣಿ: ಹಿರೇಬೆಣಕಲ್‌ನ ಕೆಂಪು ಚಿತ್ರಗಳು

[ದೃಶ್ಯ: ಬೆಳಗಿನ ಆರೂವರೆ. ಗಂಗಾವತಿಯ ರಸ್ತೆ ಬದಿ ಒಂದು ಬಂಡಿ. ಬಾಣಲೆಯಲ್ಲಿ ಮಿರ್ಚಿ ಉಬ್ಬುತ್ತಿದೆ. ಹಬೆ ಕ್ಯಾಮೆರಾಗೆ ಅಡ್ಡ.]

ನಮಸ್ಕಾರ. ನನ್ನ ಮಫ್ಲರ್ ನೋಡಿ ನಗಬೇಡಿ. ಬೇರೆ ಊರಿನವರಿಗೆ ಇದು ಚಳಿಯೇ ಅಲ್ಲ, ಗೊತ್ತು. ಆದರೆ ವರ್ಷದ ಮುಕ್ಕಾಲು ಭಾಗ ಬಿಸಿಲಲ್ಲಿ ಬೇಯುವ ನಮಗೆ ಡಿಸೆಂಬರ್ ಅಂದರೆ ಹಬ್ಬ. ಒಂದು ತಟ್ಟೆ ವಗ್ಗರಣಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಪಕ್ಕದಲ್ಲಿ ಎರಡು ಮಿರ್ಚಿ. ಕೊಪ್ಪಳ ಜಿಲ್ಲೆಯಲ್ಲಿ ದಿನ ಶುರುವಾಗುವುದು ಹೀಗೆ.

ಈ ವಿಡಿಯೋ ಶುರುವಾಗಿದ್ದು ಮಾತ್ರ ಒಂದು ವಾದದಿಂದ. ಕ್ಯಾಮೆರಾ ಹಿಡಿದಿರುವವನು ನನ್ನ ಚಿಕ್ಕಪ್ಪನ ಮಗ. ನಿನ್ನೆ ರಾತ್ರಿ ಒಂದು ರೀಲ್ ತೋರಿಸಿದ. ದಕ್ಷಿಣ ಕೊರಿಯಾದ ಬುಸಾನ್ ನಗರದಲ್ಲಿ ಗಮ್‌ಚಾನ್ ಅಂತ ಒಂದು ಗುಡ್ಡದ ಓಣಿ ಇದೆ. ಕೊರಿಯಾ ಯುದ್ಧದ ಕಾಲದಲ್ಲಿ ನಿರಾಶ್ರಿತರಾಗಿ ಬಂದವರು ಗುಡ್ಡಕ್ಕೆ ಅಂಟಿಸಿದ ಹಾಗೆ ಮನೆ ಕಟ್ಟಿಕೊಂಡಿದ್ದರು. 2009ರಿಂದ ಕಲಾವಿದರು ಅಲ್ಲಿನ ಗೋಡೆ, ಮೆಟ್ಟಿಲುಗಳಿಗೆಲ್ಲ ಚಿತ್ರ ಬರೆದರು. ಈಗ ಅದನ್ನು ನೋಡಲಿಕ್ಕೆ ಜಗತ್ತೇ ಹೋಗುತ್ತಿದೆ.

"ಅಣ್ಣಾ, ಇಂಥಾದ್ದು ನಮ್ ಕಡೆ ಎಲ್ಲೈತಿ?" ಅಂದ.

ಐತಿ, ನಾಳೆ ಐದಕ್ಕೆ ಏಳು ಅಂದೆ. ಎದ್ದಿದ್ದಾನೆ. ಮುಖ ಊದಿಸಿಕೊಂಡಿದ್ದಾನೆ, ಅದು ನಿಮಗೆ ಕಾಣಿಸುವುದಿಲ್ಲ.

[ದೃಶ್ಯ: ಬೈಕ್ ಮೇಲಿಂದ. ಎರಡೂ ಕಡೆ ಕೊಯ್ದ ಭತ್ತದ ಗದ್ದೆ. ದೂರದಲ್ಲಿ ಬಂಡೆ ಪೇರಿಸಿದಂಥ ಗುಡ್ಡಗಳು.]

ಗಂಗಾವತಿಯಿಂದ ಹಿರೇಬೆಣಕಲ್ ಸುಮಾರು ಹತ್ತು ಕಿಲೋಮೀಟರ್. ಈ ಕಡೆ ತುಂಗಭದ್ರೆಯ ಕಾಲುವೆ ನೀರು, ಆ ಕಡೆ ಒಣ ಬಂಡೆ. ಈ ಗ್ರಾನೈಟ್ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಇದನ್ನು ಒಂದು ಸಲ ಹೇಳಿ ಬಿಡುತ್ತೇನೆ, ಯಾಕೆಂದರೆ ಆಮೇಲೆ ನಾನು ಹೇಳುವ ಸಾವಿರದ ಲೆಕ್ಕಗಳೆಲ್ಲ ಇದರ ಮುಂದೆ ಚಿಲ್ಲರೆ.

ಊರು ದಾಟಿದ ಮೇಲೆ ಮ್ಯಾಪ್ ನಂಬಿದೆವು. ಅದು ನಮ್ಮನ್ನು ಯಾರದೋ ತೊಗರಿ ಹೊಲದ ಬೇಲಿಗೆ ತಂದು ನಿಲ್ಲಿಸಿತು. ಅಲ್ಲೇ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ನಿಂತು ನೋಡಿದರು. ಕಂಬಳಿ ಹೊದ್ದಿದ್ದರು, ಕೈಯಲ್ಲಿ ಕೋಲು.

"ಎತ್ತಾಗ ಹೊಂಟೀರಿ ತಮ್ಮಾ?"

"ಗುಡ್ಡಕ್ಕ ಅಜ್ಜಾರ. ಚಿತ್ರ ನೋಡಾಕ."

"ಮೊರೇರ ಗುಡ್ಡಕ್ಕೇನು? ನೀರು ಎಷ್ಟು ತಗೊಂಡೀರಿ?"

ಒಂದು ಬಾಟಲಿ ತೋರಿಸಿದೆವು. ಅಜ್ಜ ಏನೂ ಅನ್ನಲಿಲ್ಲ. ಸುಮ್ನೆ ನಕ್ಕರು. ಹತ್ತು ನಿಮಿಷ ಹತ್ತಿದ ಮೇಲೆ ಆ ನಗುವಿನ ಅರ್ಥ ಗೊತ್ತಾಯಿತು. ದಾರಿ ಒಂದು ಗಂಟೆಯದು. ನಮಗೆ ಎರಡು ಗಂಟೆ ಹಿಡಿಯಿತು.

[ದೃಶ್ಯ: ಬಂಡೆಗಳ ನಡುವಿನ ಕಿರುದಾರಿ. ಏದುಸಿರು. ತಲೆಯ ಮೇಲೆ ಮುಂದಕ್ಕೆ ಚಾಚಿದ ದೊಡ್ಡ ಬಂಡೆ.]

ಈ ಬಂಡೆಯ ಕೆಳಗೆ ಬನ್ನಿ. ಇದು ಗುಹೆ ಅಲ್ಲ, ಸೂರು. ಮೇಲಿನ ಬಂಡೆ ಮುಂದಕ್ಕೆ ಚಾಚಿರುವುದರಿಂದ ಕೆಳಗಿನ ಗೋಡೆಗೆ ಮಳೆ ತಾಗುವುದಿಲ್ಲ. ಮೊದಲು ಏನೂ ಕಾಣಿಸುವುದಿಲ್ಲ. ನಾನೂ ಹಾಗೇ ನಿಂತಿದ್ದೆ. ಬಿಸಿಲಿನಿಂದ ಬಂದ ಕಣ್ಣಿಗೆ ನೆರಳು ಹೊಂದಬೇಕು. ಒಂದು ನಿಮಿಷ ಕೊಡಿ.

[ದೃಶ್ಯ: ಗೋಡೆಯ ಹತ್ತಿರಕ್ಕೆ ನಿಧಾನವಾಗಿ.]

ಅಗೋ. ಒಬ್ಬ ಮನುಷ್ಯ. ಅವನ ಪಕ್ಕ ಇನ್ನೊಬ್ಬ. ಕೈ ಕೈ ಹಿಡಿದುಕೊಂಡ ಒಂದು ಸಾಲೇ ಇದೆ, ಕೋಲಾಟಕ್ಕೆ ನಿಂತವರ ಹಾಗೆ. ಬೇರೆ ಬಂಡೆಗಳಲ್ಲಿ ಜಿಂಕೆ, ಎತ್ತು, ನವಿಲು, ಆಯುಧ ಹಿಡಿದ ಕುದುರೆ ಸವಾರರೂ ಇದ್ದಾರೆ. ಎಲ್ಲ ಕೆಂಪು.

ಆದರೆ ನೀವು ಈ ಒಂದು ಕಾಲನ್ನು ಮಾತ್ರ ನೋಡಿ. ಗೆರೆಯ ಅಗಲ ನನ್ನ ಕಿರುಬೆರಳಿನಷ್ಟು. ಮೇಲಿಂದ ಕೆಳಗೆ ಎಳೆದಿದ್ದಾರೆ. ಮೇಲೆ ಬಣ್ಣ ದಟ್ಟ. ಕೆಳಕ್ಕೆ ಬಂದ ಹಾಗೆ ಬಣ್ಣ ಕಲ್ಲಿನ ಉಬ್ಬುಗಳ ಮೇಲೆ ಮಾತ್ರ ಕೂತಿದೆ, ತಗ್ಗುಗಳು ಖಾಲಿ. ಅಂದರೆ ಪಾದದ ಹತ್ತಿರ ಬರುವಷ್ಟರಲ್ಲಿ ಬಣ್ಣ ಮುಗಿದಿದೆ. ಮತ್ತೆ ಅದ್ದಿಕೊಂಡಿಲ್ಲ, ಹಾಗೇ ಬಿಟ್ಟಿದ್ದಾರೆ. ಮನೆಗೆ ಸುಣ್ಣ ಹೊಡೆದವರಿಗೆ ಈ ಗೆರೆ ಚೆನ್ನಾಗಿ ಗೊತ್ತು, ಅಲ್ವಾ?

ಈಗ ಪ್ರಶ್ನೆ. ನಮ್ಮ ಮನೆ ಗೇಟಿಗೆ ಹೊಡೆಸಿದ ಪೇಂಟ್ ಐದು ವರ್ಷಕ್ಕೆ ಸಿಪ್ಪೆ ಏಳುತ್ತದೆ. ಇದು ಸಾವಿರಾರು ವರ್ಷ ಹೇಗೆ ಉಳಿಯಿತು?

ಉತ್ತರ ನಿಮಗೆ ಗೊತ್ತಿರುವುದೇ. ಸಂಡೂರಿನ ಕಡೆ ಹೋಗಿದ್ದೀರಾ? ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಗಿಡ, ಕಂಬ, ಮನೆ ಮುಂದಿನ ಎಮ್ಮೆ, ಎಲ್ಲ ಕೆಂಪು. ಎಷ್ಟು ತೊಳೆದರೂ ಅಂಗಿಯ ಕಾಲರಿನ ಕಲೆ ಹೋಗುವುದಿಲ್ಲ. ಆ ಕೆಂಪೇ ಈ ಕೆಂಪು. ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ನಮ್ಮ ಮಾತಿನಲ್ಲಿ ಹುರಮಂಜು, ಜಾಜು, ಕೆಮ್ಮಣ್ಣು.

ಎಲೆ, ಹೂವಿನಿಂದ ತೆಗೆದ ಬಣ್ಣ ಬಿಸಿಲಿಗೆ ಒಡೆದು ಮಾಸುತ್ತದೆ. ಹುರಮಂಜು ಹಾಗಲ್ಲ. ಅದು ಮೊದಲೇ ಆಮ್ಲಜನಕದ ಜೊತೆ ಸೇರಿ ಆಗಿರುವ ಕಬ್ಬಿಣ. ತುಕ್ಕಿಗೆ ಇನ್ನೆಂಥ ತುಕ್ಕು ಹಿಡಿಯಬೇಕು? ಅದನ್ನು ನುಣ್ಣಗೆ ಅರೆದು ನೀರಲ್ಲಿ ಕಲೆಸಿ ಬಳಿದರೆ ಸಣ್ಣ ಕಣಗಳು ಕಲ್ಲಿನ ಸಂದುಗಳಲ್ಲಿ ಹೊಕ್ಕು ಕೂರುತ್ತವೆ. ಮೇಲೆ ಬಂಡೆಯ ಸೂರು ಇದೆ, ಮಳೆ ಇಲ್ಲ. ಅಷ್ಟೇ ಗುಟ್ಟು.

ಆದರೆ ಇದೇ ಕಾರಣಕ್ಕೆ ವಯಸ್ಸು ಹೇಳುವುದು ಕಷ್ಟ. ಇದ್ದಿಲಿನಲ್ಲಿ ಬರೆದ ಚಿತ್ರವಾದರೆ ಅದರ ಕಾರ್ಬನ್ ಅಳೆದು ಕಾಲ ಹೇಳಬಹುದು. ಹುರಮಂಜಿನಲ್ಲಿ ಅಳೆಯಲಿಕ್ಕೆ ಕಾರ್ಬನ್ನೇ ಇಲ್ಲ. ಆಗ ಚಿತ್ರದಲ್ಲಿ ಏನಿದೆ ಅಂತ ನೋಡಬೇಕು. ನಮ್ಮ ದಕ್ಷಿಣದಲ್ಲಿ ಕುದುರೆ ಕಾಣಿಸಿಕೊಳ್ಳುವುದು ಹೆಚ್ಚುಕಡಿಮೆ ಕಬ್ಬಿಣದ ಜೊತೆಗೇ. ಹಾಗಾಗಿ ಕುದುರೆ ಸವಾರ ಇದ್ದರೆ ಆ ಚಿತ್ರ ಕಬ್ಬಿಣ ಯುಗದ್ದು, ಇಲ್ಲವೇ ಅದಕ್ಕಿಂತ ಈಚಿನದು ಎಂದು ತಿಳಿಯುತ್ತಾರೆ. ಬರೀ ಎತ್ತು, ಜಿಂಕೆ ಇರುವ ಗೋಡೆಯ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಲಿಕ್ಕೆ ಆಗುವುದಿಲ್ಲ.

[ದೃಶ್ಯ: ಕ್ಯಾಮೆರಾ ಅದೇ ಗೋಡೆಯ ಮೇಲ್ಭಾಗಕ್ಕೆ. ಬಿಳಿ ಪೇಂಟಿನ ಹೃದಯ, ಬಾಣ. ಅಕ್ಷರಗಳನ್ನು ಮಸುಕು ಮಾಡಿದೆ.]

ಇದನ್ನು ತೋರಿಸಬಾರದು ಅಂದುಕೊಂಡಿದ್ದೆ. ತಮ್ಮ, ತೋರಿಸು ಅಂದ. ಯಾರೋ ಎಣ್ಣೆ ಪೇಂಟು, ಬ್ರಷ್ಷು ಹೊತ್ತುಕೊಂಡು, ನಾವು ಏದುಸಿರು ಬಿಟ್ಟ ಇದೇ ದಾರಿ ಹತ್ತಿ ಬಂದು, ಹೆಸರು ಬರೆದು ಹೋಗಿದ್ದಾರೆ. ಇಷ್ಟು ಶ್ರಮ ಆ ಹುಡುಗಿಯ ಅಪ್ಪನ ಹತ್ತಿರ ಮಾತಾಡುವುದಕ್ಕೆ ಹಾಕಿದ್ದರೆ ಮದುವೆಯೇ ಆಗಿರುತ್ತಿತ್ತು. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಕಾನೂನಿನಲ್ಲಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ.

ಇನ್ನೊಂದು ಕೆಟ್ಟ ಅಭ್ಯಾಸ ನಮ್ಮಂಥ ವಿಡಿಯೋ ಮಾಡುವವರದೇ. ಚಿತ್ರ ಎದ್ದು ಕಾಣಲಿ ಅಂತ ಗೋಡೆಗೆ ನೀರು ಎರಚುತ್ತಾರೆ. ಹೌದು, ಒದ್ದೆ ಕಲ್ಲಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆ. ಆದರೆ ನೀರು ಕಲ್ಲಿನೊಳಗಿನ ಲವಣ ಕರಗಿಸಿಕೊಂಡು ಬರುತ್ತದೆ. ಆರಿದಾಗ ಅದು ಬಣ್ಣದ ಮೇಲೆ ಬಿಳಿಯಾಗಿ ಕಟ್ಟಿಕೊಳ್ಳುತ್ತದೆ. ನೀರೇ ಬೇಡ. ಡಿ-ಸ್ಟ್ರೆಚ್ ಅಂತ ಒಂದು ಸಾಫ್ಟ್‌ವೇರ್ ಇದೆ, ಜಾನ್ ಹಾರ್ಮನ್ ಎಂಬುವರು ಮಾಡಿದ್ದು. ಬಂಡೆ ಚಿತ್ರ ಓದುವ ಸಂಶೋಧಕರು ಬಳಸುವುದು ಇದನ್ನೇ. ನೀವು ತೆಗೆದ ಫೋಟೋದಲ್ಲೇ ಬಣ್ಣಗಳ ಸಣ್ಣ ವ್ಯತ್ಯಾಸವನ್ನು ಹಿಗ್ಗಿಸಿ ತೋರಿಸುತ್ತದೆ.

[ದೃಶ್ಯ: ಒಂದೇ ಫೋಟೋ, ಮೊದಲು ಮತ್ತು ಆಮೇಲೆ. ಖಾಲಿ ಕಲ್ಲು ಅಂದುಕೊಂಡ ಜಾಗದಲ್ಲಿ ಕೊಂಬು ಮೂಡುತ್ತದೆ.]

ನೋಡಿ, ನಾವು ಊಟದ ಚೀಲ ಒರಗಿಸಿಟ್ಟಿದ್ದ ಜಾಗ. ಅಲ್ಲೊಂದು ಎತ್ತು ಇತ್ತು! ಚೀಲ ತೆಗೆದು ದೂರ ಇಟ್ಟೆವು.

[ದೃಶ್ಯ: ಗುಡ್ಡದ ನೆತ್ತಿ. ಬಯಲು. ಸಾಲು ಸಾಲು ಕಲ್ಲಿನ ಪುಟ್ಟ ಮನೆಗಳು.]

ಮೇಲೆ ಬಂದಾಗ ತಮ್ಮ ಅರ್ಧ ನಿಮಿಷ ಮಾತೇ ಆಡಲಿಲ್ಲ. ಅವನಿಗೆ ಅದು ದಾಖಲೆ.

ಇದು ಊರಲ್ಲ. ಸತ್ತವರಿಗೆ ಕಟ್ಟಿದ್ದು. ಮೂರು ಕಡೆ ಕಲ್ಲಿನ ಚಪ್ಪಡಿ ನಿಲ್ಲಿಸಿ, ಮುಂದೆ ದುಂಡಗೆ ಕಿಂಡಿ ಕೊರೆದ ಇನ್ನೊಂದು ಚಪ್ಪಡಿ, ಮೇಲೊಂದು ಮುಚ್ಚಿಗೆ. ಇಂಥ ಮತ್ತು ಬೇರೆ ಬಗೆಯ ಶಿಲಾ ಸಮಾಧಿಗಳು ಇಲ್ಲಿ ಸುಮಾರು 400 ಇವೆ. ಕೆಲವು ಮೊಣಕಾಲೆತ್ತರ, ಕೆಲವು ನನಗಿಂತ ಎತ್ತರ. ಕಾಲ ಕ್ರಿ.ಪೂ. 800ರಿಂದ 200ರವರೆಗೆ. ಈ ಗ್ರಾನೈಟ್ ಈರುಳ್ಳಿಯ ಹಾಗೆ ಪದರ ಪದರವಾಗಿ ಬಿಡುತ್ತದೆ. ಆ ಗುಣ ತಿಳಿದವರೇ ಇಲ್ಲಿ ಚಪ್ಪಡಿ ಎಬ್ಬಿಸಿದ್ದಾರೆ.

ಸುರಪುರದ ಕಥೆ ಕೇಳಿದವರಿಗೆ ಅಲ್ಲಿದ್ದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಗೊತ್ತಿರಬೇಕು. ಈ ಜಾಗದ ಬಗ್ಗೆ 19ನೇ ಶತಮಾನದಲ್ಲೇ ಬರೆದ. 2021ರಲ್ಲಿ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೂ ಸೇರಿತು. ಆದರೆ ಊರಿನವರಿಗೆ ಇವು ಇವತ್ತಿಗೂ ಮೊರೇರ ಮನೆಗಳೇ. ಮೊರೇರು ಅಂದರೆ ಗಿಡ್ಡ ಜನ, ಅದಕ್ಕೇ ಬಾಗಿಲು ಇಷ್ಟು ಸಣ್ಣದು ಅಂತ ಅಜ್ಜ ಹೇಳಿದರು. ಹೆಸರು ಕೇಳಿ ಅಶೋಕನ ಮೌರ್ಯರು ಅಂತ ತಿಳಿಯಬೇಡಿ. ಅಶೋಕನೂ ನಮ್ಮ ಜಿಲ್ಲೆಯಲ್ಲಿ ಬಂಡೆ ಮೇಲೆ ಬರೆಸಿದ್ದಾನೆ, ಕೊಪ್ಪಳದ ಗವಿಮಠದ ಗುಡ್ಡದಲ್ಲಿ ಮತ್ತು ಪಾಲ್ಕಿಗುಂಡಿನಲ್ಲಿ. ಆದರೆ ಅವನ ಅಕ್ಷರ ಬರುವ ಹೊತ್ತಿಗೆ ಇಲ್ಲಿನ ಜನ ನೂರಾರು ವರ್ಷಗಳಿಂದ ಈ ಗುಡ್ಡ ಹತ್ತಿ ಇಳಿಯುತ್ತಿದ್ದರು.

ಈಗ ನನ್ನ ಮಾತು. ಹೊಟ್ಟೆಪಾಡಿಗೆ ಈ ಎತ್ತರಕ್ಕೆ ಯಾರು ಬರುತ್ತಾರೆ? ಸತ್ತವರನ್ನು ನೆನೆಯಲು ಬರುತ್ತಿದ್ದರು. ಚಿತ್ರಗಳಿರುವ ಬಂಡೆಸೂರುಗಳು ಅದೇ ದಾರಿಯಲ್ಲಿವೆ. ನಾವು ದಣಿದು ನೆರಳಿಗೆ ಕೂತ ಜಾಗದಲ್ಲೇ. ಗಮ್‌ಚಾನ್‌ನಲ್ಲಿ ಚಿತ್ರ ನೋಡಲಿಕ್ಕೆಂದೇ ಓಣಿಗೆ ಹೋಗುತ್ತಾರೆ. ಇಲ್ಲಿ ಓಣಿಯೇ ಮೊದಲು, ಹೋಗಿ ಬರುವ ಜನ ಮೊದಲು, ಆಮೇಲೆ ಗೋಡೆಗೆ ಚಿತ್ರ. ಇದನ್ನು ನಾನು ಸಾಬೀತು ಮಾಡಲಾರೆ. ಆದರೆ ಒಂದು ಸಲ ಹತ್ತಿದವರಿಗೆ ಬೇರೆ ಥರ ಅನ್ನಿಸುವುದೂ ಕಷ್ಟ.

[ದೃಶ್ಯ: ಎತ್ತರದ ಬಂಡೆ. ಅದರ ಮೇಲೆ ಅರೆದುಂಡಾದ ಕಲ್ಲು.]

ಮೇಲೆ ಕೂತಿರುವುದು ಕಲ್ಲಿನ ನಗಾರಿ. ಕೆಳಗಿನ ಬಂಡೆ ಸುಮಾರು 10 ಮೀಟರ್ ಎತ್ತರ. ಮರದ ಕೊಡತಿಯಿಂದ ಬಡಿದರೆ ಸದ್ದು ಒಂದು ಕಿಲೋಮೀಟರ್ ದೂರ ಕೇಳುತ್ತದೆ ಎನ್ನುತ್ತಾರೆ. ನಾವು ಬಡಿಯಲಿಲ್ಲ. ತಮ್ಮನಿಗೆ ಕೈ ತುರಿಸುತ್ತಿತ್ತು, ನಾನೇ ಬೇಡ ಅಂದೆ.

ಚಿತ್ರ ಇದ್ದ ಕಡೆ ಸದ್ದೂ ಇರುವುದು ಇಲ್ಲೊಂದೇ ಅಲ್ಲ. ಬಳ್ಳಾರಿ ಊರಿನ ಮಗ್ಗುಲಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಇವೆಯಲ್ಲ, ಅಲ್ಲಿನ ಹಿರೇಗುಡ್ಡದಲ್ಲಿ ಬಣ್ಣದ ಚಿತ್ರ ಕಡಿಮೆ, ಕುಟ್ಟಿದ ಚಿತ್ರ ಜಾಸ್ತಿ. ಗ್ರಾನೈಟ್ ನಡುವೆ ಕರಿಕಲ್ಲಿನ ಒಂದು ಪಟ್ಟಿ ಹಾದುಹೋಗಿದೆ. ಆ ಕರಿ ಮೈಯನ್ನು ಇನ್ನೊಂದು ಕಲ್ಲಿನಿಂದ ಟಕಟಕ ಕುಟ್ಟಿದರೆ ಒಳಗಿನ ತಿಳಿ ಬಣ್ಣ ಕಾಣುತ್ತದೆ. ಹಾಗೆ ಬಿಡಿಸಿದ ಉದ್ದ ಕೊಂಬಿನ ಎತ್ತುಗಳು ಅಲ್ಲಿ ತುಂಬಾ ಇವೆ. ಅವುಗಳಲ್ಲಿ ಹೆಚ್ಚಿನವು ಕಬ್ಬಿಣಕ್ಕೂ ಹಿಂದಿನ, ಹೊಸ ಶಿಲಾಯುಗದ ದನಗಾಹಿ ಜನ ಬಿಡಿಸಿದವು. ಅದೇ ಪಟ್ಟಿಯ ಕೆಲವು ಬಂಡೆಗಳನ್ನು ಸರಿಯಾದ ಜಾಗಕ್ಕೆ ಬಡಿದರೆ ಗಂಟೆಯಂತೆ ಮೊಳಗುತ್ತವೆ. ಬಡಿದು ಬಡಿದು ತಗ್ಗು ಬಿದ್ದ ಗುರುತೂ ಇದೆ. ಆ ಜಾಗದ ಬಗ್ಗೆ ಫಾಸೆಟ್ ಎಂಬ ಅಧಿಕಾರಿ 1892ರಲ್ಲೇ ಬರೆದಿದ್ದ. ಕಲ್ಲು ಗಣಿಗಾರಿಕೆಯ ಕಾಟ ಅಲ್ಲಿ ಚಿತ್ರಗಳ ಹತ್ತಿರಕ್ಕೇ ಬಂದಿತ್ತು. ಗುಡ್ಡ ಹತ್ತಲಾಗದವರು ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂಗೆ ಹೋಗಿ. ಅದಕ್ಕೇ ಬೇರೆ ವಿಡಿಯೋ ಮಾಡುತ್ತೇನೆ.

ಹೋಗುವವರಿಗೆ ಎರಡು ಮಾತು. ನವೆಂಬರ್‌ನಿಂದ ಜನವರಿ ಒಳಗೆ ಹೋಗಿ. ಏಪ್ರಿಲ್‌ನಲ್ಲಿ ಈ ಬಂಡೆ ಮೇಲೆ ಕಾಲಿಡಲು ಆಗುವುದಿಲ್ಲ. ತಲೆಗೆ ಮೂರು ಲೀಟರ್ ನೀರು ಇರಲಿ, ಅಜ್ಜ ನಗದ ಹಾಗೆ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಟ ಉಂಟು, ಊರಿನವರೊಬ್ಬರನ್ನು ಕರೆದುಕೊಂಡೇ ಹೋಗಿ, ಮೂರು ಗಂಟೆಗೆ ಇಳಿಯಲು ಶುರು ಮಾಡಿ.

[ದೃಶ್ಯ: ಸಂಜೆ. ಊರು. ಮಣ್ಣಿನ ಗೋಡೆಯ ಮನೆ. ಕೆಳಗೆ ಕೆಂಪು ಪಟ್ಟಿ, ಮೇಲೆ ಸುಣ್ಣ.]

ನಾವು ಇಳಿದು ಬರುವಾಗ ಅಜ್ಜ ಕಟ್ಟೆಯ ಮೇಲೆ ಕೂತಿದ್ದರು. ನೀರು ಕೊಟ್ಟರು. ಮನೆಯ ಅಜ್ಜಿ ಎಳ್ಳಮಾವಾಸ್ಯೆಗೆ ಗೋಡೆ ಸಾರಿಸುತ್ತಿದ್ದರು. ಬುಟ್ಟಿಯಲ್ಲಿ ಹುರಮಂಜು, ಕೈಯಲ್ಲಿ ಬಟ್ಟೆ. ಮೇಲಿಂದ ಎಳೆದು, ಕೆಳಗೆ ಬಣ್ಣ ಮುಗಿಯುವವರೆಗೆ ಬಿಟ್ಟು, ಮತ್ತೆ ಅದ್ದುತ್ತಿದ್ದರು. ತಮ್ಮ ಕ್ಯಾಮೆರಾ ಆನ್ ಮಾಡಿದ.

"ಯವ್ವಾ, ಈ ಕೆಂಪು ಎಲ್ಲಿಂದ ತರ್ತೀರಿ? ಗುಡ್ಡದಾಗ ಸಿಗತೈತೇನು?"

ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಗುಡ್ಡ ಯಾಕ ಹತ್ತಬೇಕೋ ಹುಡುಗಾ? ಕಿರಾಣಿ ಅಂಗಡ್ಯಾಗ ಪಾಕೀಟ್ ಸಿಗತೈತಿ."