ನೆಟ್ ಜೀರೋ ಮನೆ: ಸೋಲಾರ್ ಆಮೇಲೆ, ಮೊದಲು ಮಾಳಿಗೆ ನೋಡಿ

[ದೃಶ್ಯ: ವಿಜಯಪುರದ ಹೊಸ ಬಡಾವಣೆ. ಸೆಂಟ್ರಿಂಗ್ ಕಟ್ಟಿದ ಮನೆ.]

ನಮಸ್ಕಾರ್ರಿ ಎಲ್ಲರಿಗೂ. ಹೊಸ ಮನೆ ಕಟ್ಟಿಸುವವರೆಲ್ಲ ಈಗ ಕೇಳುವುದು ಒಂದೇ, "ಎಷ್ಟು ಕಿಲೋವಾಟ್ ಸೋಲಾರ್ ಹಾಕಿಸಿದರೆ ಕರೆಂಟ್ ಬಿಲ್ ಸೊನ್ನೆ ಆಗುತ್ತೆ?" ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ ಇದೆ. ಈ ಮನೆಗೆ ಕರೆಂಟ್ ಎಷ್ಟು ಬೇಕಾಗುತ್ತೆ?

ವರ್ಷಕ್ಕೆ ಬಳಸಿದಷ್ಟು ಕರೆಂಟನ್ನು ತಾನೇ ತಯಾರಿಸುವ ಕಟ್ಟಡಕ್ಕೆ ನೆಟ್ ಜೀರೋ ಅಂತಾರೆ. ರಾತ್ರಿ ಹೆಸ್ಕಾಂ ಲೈನಿನಿಂದ ತಗೊಳ್ಳಿ, ಹಗಲು ಉಳಿದದ್ದನ್ನು ವಾಪಸ್ ಕೊಡಿ. ವರ್ಷದ ಕೊನೆಗೆ ಲೆಕ್ಕ ಸರಿಹೋದರೆ ಸಾಕು.

ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಹೊಸ ಮನೆಗೆ ಸೋಲಾರ್ ಕಡ್ಡಾಯ. ನಮ್ಮಲ್ಲಿ ಹಾಗಿಲ್ಲ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆ ಇಸಿಬಿಸಿ ಎಂಬ ಸಂಹಿತೆ, ಅಂದರೆ ಕರೆಂಟ್ ಉಳಿಸುವಂತೆ ಕಟ್ಟಡ ಕಟ್ಟುವ ನಿಯಮಾವಳಿ, 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆ ಆಯಿತು. ಮನೆಗಳಿಗೆ 2018ರಲ್ಲಿ ಇಕೋ ನಿವಾಸ ಸಂಹಿತೆ ಬಂತು. ಆದರೆ ಅದು 500 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಸೈಟುಗಳಿಗೆ. ನಮ್ಮ 30-40 ಸೈಟು 111 ಚದರ ಮೀಟರ್ ಅಷ್ಟೇ. ಅಂದರೆ ನಮ್ಮ ಊರಿನ ಬಹುಪಾಲು ಮನೆಗಳನ್ನು ಈ ನಿಯಮ ಮುಟ್ಟುವುದೇ ಇಲ್ಲ. ಮುಟ್ಟಬೇಕಿತ್ತು ಅನ್ನುವುದು ನನ್ನ ಅಭಿಪ್ರಾಯ. ಸರ್ಕಾರ ಕೇಳದಿದ್ದರೂ ಅದರ ಅಳತೆಗಳನ್ನು ನಾವೇ ಪಾಲಿಸಬಹುದು ಅಲ್ವಾ?

[ದೃಶ್ಯ: ಮೇ ತಿಂಗಳ ಮಧ್ಯಾಹ್ನ, ಬರೀ ಸ್ಲ್ಯಾಬಿನ ಮಾಳಿಗೆ.]

ಮಾಳಿಗೆಯಿಂದ ಶುರು ಮಾಡೋಣ. ಮೇ ಎರಡನೇ ವಾರದ ಹೊತ್ತಿಗೆ ವಿಜಯಪುರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಗೋಡೆಗಿಂತ ಜಾಸ್ತಿ ಬಿಸಿಲು ತಿನ್ನುವುದು ಸ್ಲ್ಯಾಬೇ. ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಆ ಬಿಸಿಯನ್ನು ಕೆಳಗೆ ಬಿಡುತ್ತೆ. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ತಲೆ ಮೇಲೆ ಬರುತ್ತೆ. ಮುಂದಿನ ದಾರಿ ಎಸಿ.

ಮಾಳಿಗೆ ಎಷ್ಟು ಶಾಖ ಒಳಗೆ ಬಿಡುತ್ತೆ ಅನ್ನುವುದಕ್ಕೆ ಯು-ವ್ಯಾಲ್ಯೂ ಅಂತ ಒಂದು ಅಳತೆ ಇದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಸಂಹಿತೆಯ ಮಿತಿ 1.2. ಬರೀ ಸ್ಲ್ಯಾಬಿನದು 3ಕ್ಕಿಂತ ಜಾಸ್ತಿ. ಸ್ಲ್ಯಾಬಿನ ಮೇಲೆ ಶಾಖ ತಡೆಯುವ ಎಕ್ಸ್‌ಪಿಎಸ್ ಎಂಬ ಫೋಮಿನ ಎರಡು ಇಂಚು ದಪ್ಪದ ಹಾಳೆ ಹಾಸಿ, ಮೇಲೆ ಕಾಂಕ್ರೀಟು, ಅದರ ಮೇಲೆ ಬಿಳಿ ಟೈಲ್ಸ್ ಕೂರಿಸಿದರೆ 1ಕ್ಕಿಂತ ಕೆಳಗೆ ಇಳಿಯುತ್ತೆ. ಹಳ್ಳಿಯ ಹಳೇ ಮನೆಗಳಲ್ಲಿ ಮಾಳಿಗೆ ಮೇಲೆ ದಪ್ಪ ಮಣ್ಣು ಹಾಕುತ್ತಿದ್ದದ್ದೂ ಇದಕ್ಕೇ.

[ತೆರೆಯ ಮೇಲೆ: ಒಂದೂವರೆ ಟನ್ ಎಸಿ, ರಾತ್ರಿ 8 ತಾಸು = ಸುಮಾರು 8ರಿಂದ 10 ಯುನಿಟ್]

1 ಕಿಲೋವಾಟ್ ಸೋಲಾರ್ ದಿನಕ್ಕೆ ಸರಾಸರಿ 4 ಯುನಿಟ್ ಕೊಡುತ್ತೆ. ಅಂದರೆ ಬೇಸಿಗೆಯಲ್ಲಿ ಒಂದು ಎಸಿಗೇ 2ರಿಂದ ಎರಡೂವರೆ ಕಿಲೋವಾಟ್ ಬೇಕು. ಆ ಎಸಿಯ ಓಟ ಕಡಿಮೆಯಾದರೆ ಪ್ಯಾನೆಲ್ ದುಡ್ಡೂ ಉಳಿಯುತ್ತೆ.

ಇನ್ನು ಕಿಟಕಿ. ಒಣಹವೆಯ ಬಿಸಿ ಊರುಗಳಲ್ಲಿ ನೆಲದ ವಿಸ್ತೀರ್ಣದ 10% ಆದರೂ ಗಾಳಿಗೆ ತೆರೆಯಬೇಕು ಅನ್ನುತ್ತೆ ಸಂಹಿತೆ. ಲೆಕ್ಕ ಹಾಕುವುದು ಇಡೀ ಮನೆಗೆ. ತಿಳಿಯಲಿ ಅಂತ ಒಂದು ಕೋಣೆ ತಗೊಳ್ಳೋಣ. 10-12ರ ಕೋಣೆ, 120 ಚದರ ಅಡಿ, 12 ಅಡಿ ತೆರೆಯಬೇಕು. ನಾಲ್ಕಕ್ಕೆ ನಾಲ್ಕರ ಸ್ಲೈಡಿಂಗ್ ಕಿಟಕಿ ಹಾಕಿಸುತ್ತೀರಿ, 16 ಅಡಿ ಅಂತ ಸಮಾಧಾನ. ಆದರೆ ಸ್ಲೈಡಿಂಗ್ ತೆರೆಯುವುದು ಅರ್ಧ ಮಾತ್ರ. ಸಿಕ್ಕಿದ್ದು 8 ಅಡಿ! ಅದೇ ಜಾಗಕ್ಕೆ ಎರಡು ಬಾಗಿಲಿನ ಹಳೇ ತರಹದ ಕಿಟಕಿ ಇಟ್ಟರೆ ಹೆಚ್ಚುಕಡಿಮೆ ಅಷ್ಟೂ ತೆರೆಯುತ್ತೆ.

ಪಶ್ಚಿಮಕ್ಕೆ ದೊಡ್ಡ ಗಾಜು ಬೇಡವೇ ಬೇಡ. ಸಂಜೆ ಬಿಸಿಲು ಓರೆಯಾಗಿ ನುಗ್ಗುತ್ತೆ, ಸಜ್ಜಾ ಎಷ್ಟು ಮುಂದೆ ಬಿಟ್ಟರೂ ತಡೆಯಲ್ಲ.

[ದೃಶ್ಯ: ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್‌ಗಳು.]

ಇಷ್ಟೆಲ್ಲ ಆದ ಮೇಲೆ ಸೋಲಾರ್. ತಿಂಗಳಿಗೆ 200 ಯುನಿಟ್ ಬಳಸುವ ಮನೆಗೆ 2 ಕಿಲೋವಾಟ್ ಸಾಕು. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 2 ಕಿಲೋವಾಟ್‌ಗೆ 60,000 ರೂಪಾಯಿ ಸಬ್ಸಿಡಿ ಇದೆ, 3 ಅಥವಾ ಅದಕ್ಕಿಂತ ಜಾಸ್ತಿ ಆದರೆ 78,000. ನಕ್ಷೆಯಲ್ಲೇ ನೀರಿನ ಟ್ಯಾಂಕನ್ನೂ ಮೆಟ್ಟಿಲ ಕೋಣೆಯನ್ನೂ ಮಾಳಿಗೆಯ ಉತ್ತರ ಬದಿಗೆ ತೋರಿಸಲು ಇಂಜಿನಿಯರ್‌ಗೆ ಹೇಳಿ, ಪ್ಯಾನೆಲ್ ಮೇಲೆ ನೆರಳು ಬೀಳಬಾರದು. ಮಾಳಿಗೆಯಿಂದ ಮೀಟರ್ ಬೋರ್ಡಿನವರೆಗೆ ವೈರಿಗೆ ಒಂದು ಖಾಲಿ ಪೈಪನ್ನು ಸ್ಲ್ಯಾಬ್ ಹಾಕುವ ಮುಂಚೆಯೇ ಗೌಂಡಿ ಕೈಲಿ ಬಿಡಿಸಿಕೊಳ್ಳಿ.