ಒಂದೇ ದ್ವೀಪ, ನಾಲ್ಕು ಹೆಸರು: ಬೂವೆ ನಕ್ಷೆಯಲ್ಲಿ ಕಳೆದುಹೋದದ್ದು ಹೇಗೆ?

[ಪರದೆ: ದಕ್ಷಿಣ ಅಟ್ಲಾಂಟಿಕ್ ನಕ್ಷೆ, ನಡುವೆ ಒಂದು ಚುಕ್ಕೆ]

ದಕ್ಷಿಣ ಅಕ್ಷಾಂಶ 54 ಡಿಗ್ರಿ 25 ನಿಮಿಷ, ಪೂರ್ವ ರೇಖಾಂಶ 3 ಡಿಗ್ರಿ 22 ನಿಮಿಷ. ಇದೇ ಬೂವೆ ದ್ವೀಪ. ಹತ್ತಿರದ ನೆಲವೆಂದರೆ ಅಂಟಾರ್ಕ್ಟಿಕಾ, ಅದೂ ಸುಮಾರು 1,700 ಕಿಲೋಮೀಟರ್ ಆಚೆ. ಮೂರು ಭೂಫಲಕಗಳು ಕೂಡುವ ಜಾಗದ ಬಳಿ ಎದ್ದುನಿಂತ ಜ್ವಾಲಾಮುಖಿಯ ನೆತ್ತಿ ಇದು. ವಿಸ್ತೀರ್ಣ 49 ಚದರ ಕಿಲೋಮೀಟರ್, ಶೇ. 93 ಭಾಗ ಹಿಮನದಿಯ ಅಡಿಯಲ್ಲಿದೆ.

1739ರ ಜನವರಿ 1ರಂದು ಫ್ರೆಂಚ್ ನಾವಿಕ ಬೂವೆ ದ ಲೋಜಿಯೆ ಇದನ್ನು ಕಂಡರು. ದ್ವೀಪವನ್ನು ಸುತ್ತಿ ನೋಡಲಿಲ್ಲ. ದಕ್ಷಿಣದ ಮಹಾಖಂಡದ ಭೂಶಿರವೇ ಇರಬೇಕೆಂದುಕೊಂಡರು. ಅಂದು ಕ್ರಿಸ್ತನ ಸುನ್ನತಿಯ ಹಬ್ಬ. ಹಾಗಾಗಿ ಮೊದಲ ಹೆಸರು ‘ಸುನ್ನತಿ ಭೂಶಿರ’.

[ಪರದೆ: ತಿರುಗುವ ಭೂಗೋಳ, ಪಕ್ಕದಲ್ಲಿ ಗಡಿಯಾರ]

ಎಡವಟ್ಟಾದದ್ದು ರೇಖಾಂಶದಲ್ಲಿ. ಅಕ್ಷಾಂಶಕ್ಕೆ ನಡುಹಗಲ ಸೂರ್ಯನ ಎತ್ತರ ಅಳೆದರೆ ಸಾಕು. ರೇಖಾಂಶಕ್ಕೆ ಹೊರಟ ಊರಿನ ಸಮಯವೂ ಬೇಕು: 24 ಗಂಟೆಗೆ 360 ಡಿಗ್ರಿ, ಅಂದರೆ 4 ನಿಮಿಷದ ತಪ್ಪಿಗೆ 1 ಡಿಗ್ರಿ. ಬೂವೆ ಇರುವ ಅಕ್ಷಾಂಶದಲ್ಲಿ 1 ಡಿಗ್ರಿ ಎಂದರೆ ಸುಮಾರು 65 ಕಿಲೋಮೀಟರ್. ಹಡಗಿನಲ್ಲಿ ತಿಂಗಳುಗಟ್ಟಲೆ ಸರಿಯಾಗಿ ನಡೆಯುವ ಗಡಿಯಾರ ಆಗ ಇರಲಿಲ್ಲ. ವೇಗ, ದಿಕ್ಕು, ಕಳೆದ ಹೊತ್ತು ಗುಣಿಸಿ ಅಂದಾಜು ಹಾಕುತ್ತಿದ್ದರು. ಸಾಗರಪ್ರವಾಹ ಹಡಗನ್ನು ಪಕ್ಕಕ್ಕೆ ತಳ್ಳಿದ್ದು ಆ ಲೆಕ್ಕಕ್ಕೆ ಸಿಗುವುದಿಲ್ಲ. ಹೀಗೆ ದ್ವೀಪ ನಕ್ಷೆಯಲ್ಲಿ ಹಲವು ಡಿಗ್ರಿ ಪೂರ್ವಕ್ಕೆ ಸರಿದು ಕೂತಿತು.

ಜೇಮ್ಸ್ ಕುಕ್ ತಮ್ಮ ಎರಡನೇ ಯಾನದಲ್ಲಿ ಇದನ್ನು ಹುಡುಕಿದರು, ಸಿಗಲಿಲ್ಲ. ಅಷ್ಟರಲ್ಲಿ ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಹಡಗಿನಲ್ಲೂ ಸರಿಯಾಗಿ ನಡೆಯುವ ಗಡಿಯಾರ ರೂಪಿಸಿದ್ದರು, ಕುಕ್ ಬಳಿ ಅದರ ಒಳ್ಳೆಯ ನಕಲೇ ಇತ್ತು. ಆದರೆ ಕೈಯಲ್ಲಿದ್ದ ವಿಳಾಸವೇ ತಪ್ಪಾಗಿದ್ದರೆ ಗಡಿಯಾರ ಏನು ಮಾಡೀತು!

1808ರಲ್ಲಿ ದ್ವೀಪವನ್ನು ಮತ್ತೆ ಕಂಡ ತಿಮಿಂಗಿಲ ಬೇಟೆ ಹಡಗಿನ ಕಪ್ತಾನ ಲಿಂಡ್ಸೆ ಅವರಿಂದ ಇದು ‘ಲಿಂಡ್ಸೆ ದ್ವೀಪ’ವಾಯಿತು. 1825ರಲ್ಲಿ ಜಾರ್ಜ್ ನಾರಿಸ್ ‘ಲಿವರ್‌ಪೂಲ್’ ಎಂದರು. ಜೊತೆಗೆ ಪಕ್ಕದಲ್ಲೇ ‘ಥಾಂಪ್ಸನ್’ ಎಂಬ ಇನ್ನೊಂದು ದ್ವೀಪವನ್ನೂ ವರದಿ ಮಾಡಿದರು. 1898ರಲ್ಲಿ ಜರ್ಮನಿಯ ವಾಲ್ಡಿವಿಯಾ ಹಡಗು ಬೂವೆಯ ಸ್ಥಾನವನ್ನು ಖಚಿತಪಡಿಸಿತು, ಥಾಂಪ್ಸನ್ ಮಾತ್ರ ಸಿಗಲೇ ಇಲ್ಲ. ಸ್ಫೋಟವಾಗಿ ಮುಳುಗಿರಬಹುದು ಎಂಬ ವಾದ ಕೇಳಲು ಚೆನ್ನ. ಆದರೆ ಅಲ್ಲಿ ಸಮುದ್ರದ ಆಳ 2 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೊಡ್ಡ ಪರ್ವತ ಬುಡ ಸಮೇತ ಮಾಯವಾಗಲಾರದು.

[ಪರದೆ: ಹಳೆಯ ನಕ್ಷೆಯ ಅಂಚು]

ಹಳೆಯ ನಕ್ಷೆ ಓದುವಾಗ ಮೊದಲು ಅಕ್ಷಾಂಶವನ್ನು ಹೋಲಿಸಿ. ಅದು ಹೊಂದಿ, ಹೆಸರೂ ರೇಖಾಂಶವೂ ಬೇರೆಯಾಗಿದ್ದರೆ ಒಂದೇ ದ್ವೀಪ ಇರಬಹುದೆಂದು ಅನುಮಾನಿಸಿ. ಶೂನ್ಯ ರೇಖಾಂಶ ಯಾವ ಊರಿನದು ಎಂದೂ ನೋಡಿ: ಪ್ಯಾರಿಸ್ ಗ್ರೀನಿಚ್‌ಗಿಂತ 2 ಡಿಗ್ರಿ 20 ನಿಮಿಷ ಪೂರ್ವಕ್ಕಿದೆ. ಇದನ್ನು ಮರೆತರೆ ಇಲ್ಲದ ದ್ವೀಪವೊಂದು ನಮ್ಮ ಕೈಯಿಂದಲೇ ಹುಟ್ಟುತ್ತದೆ.

ಈಗ ಇದು ನಾರ್ವೆಯ ಅಧೀನದಲ್ಲಿದೆ. ಅಧಿಕೃತ ಹೆಸರು ‘ಬೂವೆಓಯಾ’. ‘ಓಯಾ’ ಎಂದರೇ ದ್ವೀಪ, ಹಾಗಾಗಿ ‘ಬೂವೆಓಯಾ ದ್ವೀಪ’ ಎನ್ನಬೇಕಿಲ್ಲ.

[ಪರದೆ: ಪಶ್ಚಿಮ ತೀರದ ಕಡಿದಾದ ಬಂಡೆಗಳು]

ದೋಣಿ ಹಚ್ಚಲು ಇಲ್ಲಿ ಜಾಗ ಸಿಗುವುದೇ ಕಷ್ಟ. 1955ರಲ್ಲಿ ಪಶ್ಚಿಮ ತೀರದಲ್ಲಿ ಏನೂ ಇರಲಿಲ್ಲ. 1958ರ ಹೊತ್ತಿಗೆ ಬಂಡೆ ಕುಸಿದು ತಗ್ಗಾದ ಹಾಸೊಂದು ಬಿದ್ದಿತ್ತು. ಅದಕ್ಕಿಟ್ಟ ಹೆಸರು ‘ನ್ಯೂರೋಯ್ಸಾ’, ಅಂದರೆ ಹೊಸ ಕಲ್ಲುರಾಶಿ.